ಖಾಲಿ ಕ್ಯಾರಿಯರ್ ಹಿಡಿದು ನಡೆದದ್ದು

ಸಿಂಚನಾ, ಭುವನ್,

ಹೋದ ಭಾನುವಾರ ನೀವಿಬ್ಬರೂ ಪಾವಗಡದಿಂದ ಬಂದಿದ್ದಾಗ ನಮ್ಮ ಅಡುಗೆಮನೆಯ ಮೊಳೆಯಿಂದ ಆ ಸ್ಟೀಲ್ ಕ್ಯಾರಿಯರ್ ಇಳಿಸಿದಿರಲ್ಲ, ಮೂರು ಡಬ್ಬಿಯದು, ಹಿಡಿ ಒಂದು ಕಡೆಗೆ ಸೊಟ್ಟಗಾಗಿರುವುದು? ಸಿಂಚನಾ ಕೊಂಡಿ ಬಿಚ್ಚಿ, ಮೇಲಿನ ಡಬ್ಬಿಯೊಳಗೆ ಮೂಗು ತೂರಿಸಿ, “ಅಜ್ಜಿ, ಖಾಲಿ ಇದ್ರೂ ಹುಳಿಸಾರಿನ ವಾಸನೆ ಬರ್ತೈತೆ!” ಎಂದಳು. ಭುವನ್ ಸುಮ್ಮನಿರಬೇಕಲ್ಲ. “ಅಜ್ಜಿ, ಇದನ್ನ ಖಾಲಿ ಎತ್ಕೊಂಡು ದಿನಾ ರೋಡಲ್ಲಿ ಓಡಾಡ್ತಿದ್ಯಂತೆ. ಅತ್ತೆ ಹೇಳಿದ್ರು. ಯಾಕಜ್ಜಿ?” ಎಂದ. ನಿಮ್ಮ ಅತ್ತೆ ಲತಾ ಒಲೆಯ ಮುಂದೆ ನಿಂತು ಭುಜ ಕುಣಿಸಿ ನಕ್ಕಳು. ನಾನು ಕೊತ್ತಂಬರಿ ಸೊಪ್ಪಿನ ನೆಪ ಹೇಳಿ ಹಿತ್ತಲಿಗೆ ಹೋಗಿಬಿಟ್ಟೆ.

ನಿಮಗೆ ಗೊತ್ತಲ್ಲ, ನಾಲ್ಕು ಜನ ನನ್ನ ಮುಖ ನೋಡಿದರೆ ಸಾಕು, ನನ್ನ ಮಾತು ಗಂಟಲಿನಿಂದ ಕೆಳಕ್ಕೆ ಇಳಿದುಹೋಗುತ್ತದೆ. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ಇನ್ಸ್‌ಪೆಕ್ಟರ್ ಹದಿನೇಳರ ಮಗ್ಗಿ ಕೇಳಿದರು. ನನಗೆ ಹತ್ತೊಂಬತ್ತರ ತನಕ ನೀರು ಕುಡಿದಷ್ಟು ಸಲೀಸು. ಆದರೂ ಬಾಯಿ ಬಿಡದೆ ಕಾಲಿನ ಹೆಬ್ಬೆರಳಲ್ಲಿ ನೆಲ ಗೀರುತ್ತಾ ನಿಂತೆ. “ಪಾಪ, ದಡ್ಡಿ” ಎಂದು ಅವರು ಮುಂದಿನವಳ ಹತ್ತಿರ ಹೋದರು. ಅಂಥವಳು ನಾನು. ಬರೆಯುವುದಾದರೆ ಮಾತ್ರ ಯಾರ ಭಯವೂ ಇಲ್ಲ. ಅದಕ್ಕೇ ಭುವನ್ ಕೇಳಿದ್ದಕ್ಕೆ ಉತ್ತರವನ್ನು ಲತಾಳ ಹಳೆಯ ನೋಟ್‌ಬುಕ್ಕಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಅಲ್ಲದೆ ನಿನ್ನೆ ಮಧುಗಿರಿಗೆ ಹೋಗಿ ಬಂದೆ. ಅಲ್ಲಿಂದ ತಂದ ಒಂದು ಚೀಟಿ ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಕೆಳಗಿದೆ. ಅದು ಬಂದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಆದರೆ ಅದರಲ್ಲಿ ಏನಿದೆ ಎಂದು ಈಗಲೇ ಹೇಳಿಬಿಟ್ಟರೆ ನೀವು ಉಳಿದದ್ದು ಓದುವುದಿಲ್ಲ.

ಮೊದಲು ಕ್ಯಾರಿಯರ್ ಕಥೆ. ಅದನ್ನು ಕೊಂಡದ್ದು ನಿಮ್ಮ ತಾತ ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ. ಸಿಂಚನಾ ಆಗ ಅಂಬೆಗಾಲಿಡುತ್ತಿದ್ದಳು, ಭುವನ್ ಇನ್ನೂ ಹುಟ್ಟಿರಲಿಲ್ಲ. ಇಪ್ಪತ್ತೆರಡು ದಿನ, ದಿನವೂ ಮೊದಲ ಬಸ್ಸಿಗೆ, ಕೆಳಗಿನ ಡಬ್ಬಿಯಲ್ಲಿ ಅನ್ನ, ನಡುವಿನದರಲ್ಲಿ ಸಾರು, ಮೇಲಿನದರಲ್ಲಿ ಮಜ್ಜಿಗೆ. ನಾನು ಆ ಕ್ಯಾರಿಯರ್ ಹಿಡಿದು ಬೀದಿಗೆ ಇಳಿದರೆ ಜಗುಲಿಯ ಮೇಲಿದ್ದವರು ಮಾತು ನಿಲ್ಲಿಸುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಾತ ಹೇಗೆ ಹೋದರು ಎಂದು ನೀವು ಕೇಳಿದಾಗಲೆಲ್ಲ “ಹೊಲದಲ್ಲಿ ಜಾಲಿಮುಳ್ಳು ಚುಚ್ಚಿ, ಕಾಲು ಕೊಳೆತು” ಎಂದು ಹೇಳುತ್ತಾ ಬಂದಿದ್ದೇವೆ. ಸುಳ್ಳಲ್ಲ. ಆದರೆ ಅದು ಅರ್ಧ ಮಾತು. ಮುಳ್ಳು ಚಪ್ಪಲಿಯ ಅಟ್ಟೆಯನ್ನೂ ತೂರಿ ಪಾದದೊಳಗೆ ಮುರಿದುಕೊಂಡಿತ್ತು. ಅವರಿಗೆ ನಾಲ್ಕು ದಿನ ಗೊತ್ತೇ ಆಗಲಿಲ್ಲ. ನಾನು ಕಾಲು ತೊಳೆಯಲು ನೀರು ಕೊಡುವಾಗ ವಾಸನೆ ಹಿಡಿದು ಕೇಳಿದೆ. ಮುಳ್ಳು ಚುಚ್ಚಿದರೆ ನೋಯದ ಕಾಲು ಎಲ್ಲಾದರೂ ಉಂಟೇ? ತುಮಕೂರಿನ ಡಾಕ್ಟರು, “ಸಕ್ಕರೆ ಎಷ್ಟು ವರ್ಷದಿಂದ ಇದೆ?” ಎಂದು ಕೇಳಿದರು. “ಅಂಥದ್ದೇನೂ ಇಲ್ಲ ಸಾರ್” ಎಂದೆ. ನಿಮ್ಮ ತಾತ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡರು. ಆಮೇಲೆ ಅಂಗಿಯ ಜೇಬಿನಿಂದ ನಶ್ಯದ ಡಬ್ಬಿ ತೆಗೆದು ಮಂಚದ ಮೇಲಿಟ್ಟರು. ಅವರು ನಶ್ಯದ ಚಟ ಹತ್ತಿಸಿಕೊಂಡಿದ್ದಾರೆಂದು ನಾನು ಆರು ವರ್ಷ ಜಗಳ ಆಡಿದ್ದೆ. ಡಬ್ಬಿಯೊಳಗೆ ಸಕ್ಕರೆ ಮಾತ್ರೆಗಳಿದ್ದವು.

ಯಾಕೆ ಬಚ್ಚಿಟ್ಟರು ಗೊತ್ತೇ? ಸುತ್ತಲಿನ ಹತ್ತು ಹಳ್ಳಿಗೆ ಅವರು ಹೋಳಿಗೆ ರುದ್ರಣ್ಣ. ಮದುವೆಮನೆಯ ಪಂಕ್ತಿಯಲ್ಲಿ ಎದುರುಬದುರು ಕೂತು ಪಂಥ ಕಟ್ಟಿ ತಿನ್ನುವವರಿದ್ದರಲ್ಲ, ಅವರಲ್ಲಿ ನಿಮ್ಮ ತಾತನೇ ಮೊದಲಿಗರು. ತುಪ್ಪ ಸುರಿದ ಹೋಳಿಗೆ ಹದಿನಾಲ್ಕು, ಅದರ ಮೇಲೆ ಒಂದು ಲೋಟ ಹಾಲು, ಆಮೇಲೆ ಮೀಸೆ ಒರೆಸಿಕೊಂಡು “ಅನ್ನ ಎಲ್ರಪ್ಪಾ?” ಎಂದು ಕೇಳುವುದು. ಸಕ್ಕರೆ ಕಾಯಿಲೆ ಎಂದು ತಿಳಿದರೆ ಆ ಹೆಸರು ಹೋಗುತ್ತಿತ್ತು. ನಾನು ಆಸ್ಪತ್ರೆಯ ಮಂಚದ ಬದಿಯಲ್ಲಿ ಕೂತು, “ನನಗಾದ್ರೂ ಹೇಳ್ಬಾರ್ದಾಗಿತ್ತಾ?” ಎಂದೆ.

“ಹೇಳಿದ್ರೆ ನೀನು ಹೋಳಿಗೆ ಬಡಿಸ್ತಿದ್ಯಾ?” ಎಂದರು.

ಹದಿನಾಲ್ಕರಲ್ಲಿ ಎಷ್ಟನ್ನು ನಾನೇ ಬಡಿಸಿದ್ದೆನೋ.

ಇನ್ನು ಅಳಿಸುವುದಿಲ್ಲ, ಹೆದರಬೇಡಿ. ಇಲ್ಲಿಂದ ಮುಂದೆ ನಗುವುದೇ ಜಾಸ್ತಿ.

ಈ ಸಲ ಅವರೆಕಾಯಿ ಕಾಲದಲ್ಲಿ ನಮ್ಮೂರ ಶಾಲೆಯ ವರಾಂಡದಲ್ಲಿ ಸಕ್ಕರೆ ಪರೀಕ್ಷೆಯ ಶಿಬಿರ ಇಟ್ಟಿದ್ದರು. ಆಶಾ ಕಾರ್ಯಕರ್ತೆ ಗಂಗಮ್ಮ ಬೆಳಿಗ್ಗೆ ಬೆಳಿಗ್ಗೆಯೇ ಬಂದು, “ದೊಡ್ಡಮ್ಮಾ, ಏನೂ ತಿನ್ನದಂಗೆ ಬಾ, ಒಂದ್ ತೊಟ್ಟು ರಕ್ತ ಅಷ್ಟೇ” ಎಂದು ಕೈ ಹಿಡಿದು ಎಳೆದುಕೊಂಡು ಹೋದಳು. ನಾನು ಬೆರಳು ಚಾಚಿದ್ದು ಅವಳ ಬಾಯಿಗೆ ಹೆದರಿ. ಮಿಷನ್ನು ನೂರಾ ಹದಿನಾರು ಎಂದಿತು. ಮಧುಗಿರಿಗೆ ಹೋಗಿ ಡಾಕ್ಟರಿಗೆ ತೋರಿಸಿ ಎಂದರು. ಗಾರ್ಮೆಂಟ್ಸಿಗೆ ಹೋಗುವ ಲತಾಳಿಗೂ ಹೇಳದೆ, ಹೊಲಕ್ಕೆ ಹೋಗಿದ್ದ ನಿಮ್ಮ ಮಾವನಿಗೂ ಹೇಳದೆ, ಒಬ್ಬಳೇ ಬಸ್ಸು ಹತ್ತಿದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಇನ್ನೊಮ್ಮೆ ರಕ್ತ ತೆಗೆಸಿ, ಚೀಟಿಯಲ್ಲೂ ಅದೇ ನೂರಾ ಹದಿನಾರು ಕಂಡು ಹೇಳಿದರು. “ಅಜ್ಜಿ, ಖಾಲಿ ಹೊಟ್ಟೇಲಿ ನೂರು ಮುಟ್ಟಬಾರದು. ಆದ್ರೆ ಇದು ಇನ್ನೂ ಸಕ್ಕರೆ ಕಾಯಿಲೆ ಅಲ್ಲ. ಅದರ ಹೊಸ್ತಿಲ ಮೇಲೆ ನಿಂತಿದೀರಿ. ಒಳಗೆ ಹೋಗೋದೂ ಆಚೆ ಬರೋದೂ ನಿಮ್ಮ ಕಾಲಲ್ಲೇ ಇದೆ. ದಿನಾ ಅರ್ಧ ಗಂಟೆ ಬಿರಬಿರನೆ ನಡೀರಿ. ಮುದ್ದೆ ಚಿಕ್ಕದು ಮಾಡಿ, ಸೊಪ್ಪು ಕಾಳು ಜಾಸ್ತಿ ಮಾಡಿ. ಮೂರು ತಿಂಗಳು ಬಿಟ್ಟು ಬನ್ನಿ, ನೋಡೋಣ.”

ಹೊಸ್ತಿಲ ಮೇಲೆ! ಹೊಸ್ತಿಲ ಮೇಲೆ ನಿಲ್ಲಬಾರದು ಎಂದು ನಿಮಗೆ ಎಷ್ಟು ಸಲ ಗದರಿದ್ದೇನೆ ನಾನು. ಈಗ ನಾನೇ ನಿಂತಿದ್ದೆ, ನಿಮ್ಮ ತಾತ ಹೋದ ಅದೇ ಬಾಗಿಲಿನ ಹೊಸ್ತಿಲ ಮೇಲೆ. ಬಸ್ಸಿನಲ್ಲಿ ಕೂತು ಎರಡೂ ಪಾದಗಳನ್ನು ಚಪ್ಪಲಿಯಿಂದ ತೆಗೆದು ಒಂದೊಂದೇ ಬೆರಳನ್ನು ಚಿವುಟಿ ನೋಡಿಕೊಂಡೆ. ನೋಯಿತು. ಸದ್ಯ, ನೋಯಿತು! ಪಕ್ಕದಲ್ಲಿ ಕೂತಿದ್ದಾಕೆ ನನ್ನನ್ನು ನೋಡಿ ಸ್ವಲ್ಪ ಸರಿದು ಕೂತಳು.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಿಮ್ಮ ತಾತನನ್ನು ಅಷ್ಟು ವರ್ಷ ಮನಸ್ಸಿನಲ್ಲೇ ಬೈದವಳು ಅವರ ಹಾಗೆಯೇ ಮಾಡಿದೆ ನೋಡಿ. ಅವರದು ಹೆಸರಿನ ಆಸೆ, ನನ್ನದು ನಾಚಿಕೆ, ಅಷ್ಟೇ ವ್ಯತ್ಯಾಸ. ‘ಗಂಡನಿಗೆ ಸಕ್ಕರೆ ತಿನ್ನಿಸಿ ಕಳಿಸಿದಳು, ಈಗ ಇವಳಿಗೂ ಬಂತು’ ಎಂದು ಯಾರಾದರೂ ಅಂದರೆ?

ಮುದ್ದೆ ಚಿಕ್ಕದು ಮಾಡುವುದು ಕಷ್ಟವಾಗಲಿಲ್ಲ, ತಟ್ಟೆ ನನ್ನ ಕೈಯಲ್ಲೇ ಇತ್ತಲ್ಲ. ಕಷ್ಟವಾದದ್ದು ನಡಿಗೆ. ನಡೆಯುವುದು ನನಗೆ ಹೊಸದಲ್ಲ ಮಕ್ಕಳೇ. ಬಾವಿಗೆ, ಹೊಲಕ್ಕೆ, ಸೌದೆಗೆ, ಗಿರಣಿಗೆ, ಜನ್ಮವೆಲ್ಲ ನಡೆದದ್ದೇ. ಆದರೆ ಯಾವಾಗಲೂ ತಲೆಯ ಮೇಲೋ ಸೊಂಟದಲ್ಲೋ ಏನಾದರೂ ಇರುತ್ತಿತ್ತು. ನಮ್ಮ ಕಡೆ ಹೆಂಗಸು ಬರಿಗೈಯಲ್ಲಿ, ಕೆಲಸವಿಲ್ಲದೆ, ಬರೀ ನಡೆಯಬೇಕೆಂದು ನಡೆಯುವುದಿಲ್ಲ. ಮೊದಲ ದಿನ ಕೆರೆ ಏರಿಯ ಕಡೆಗೆ ಹೊರಟೆ. ಕೈಗಳನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಬೀಸಿದರೆ ಪೊಲೀಸರ ಹಾಗೆ ಕಾಣುತ್ತೇನೆ, ಕಟ್ಟಿಕೊಂಡರೆ ಚಳಿಯಾದವಳ ಹಾಗೆ. ಏರಿ ಮುಟ್ಟುವುದರೊಳಗೆ ಏಳು ಜನ “ಎಲ್ಲಿಗ್ ಹೊಂಟ್ರಿ?” ಎಂದರು. ಏಳು ಜನಕ್ಕೂ “ಇಲ್ಲೇ” ಎಂದೆ. ಎಂಟನೆಯವರು ಎದುರಾಗುವ ಮುಂಚೆ ಹಿಂದಿರುಗಿದೆ.

ಎರಡನೆಯ ದಿನ ಕೈಗೆ ಏನಾದರೂ ಇರಲಿ ಎಂದು ಒಂದು ಚೊಂಬು ನೀರು ಹಿಡಿದು ಹೊರಟೆ. ಬೆಳಿಗ್ಗೆ ಏಳು ಗಂಟೆಗೆ, ಬಯಲಿನ ಕಡೆಗೆ, ಕೈಯಲ್ಲಿ ಚೊಂಬು! ಎದುರು ಬಂದ ಗಂಡಸರು ಮುಖ ತಿರುಗಿಸಿ ದಾರಿ ಬಿಟ್ಟರು. ಅರ್ಧ ದಾರಿಯಲ್ಲಿ ನನಗೆ ಹೊಳೆಯಿತು. ನೀರನ್ನು ಒಂದು ಬೇವಿನ ಸಸಿಗೆ ಸುರಿದು ಸೆರಗು ಮುಚ್ಚಿಕೊಂಡು ಮನೆ ಸೇರಿದೆ. “ಮನೇಲಿ ಕಕ್ಕಸ್ಸು ಇದ್ರೂ ದೊಡ್ಡಮ್ಮ ಯಾಕೆ ಹಿಂಗೆ?” ಎಂದು ಗಂಗಮ್ಮ ಲತಾಳನ್ನು ಕೇಳಿದಳಂತೆ.

ಮೂರನೆಯ ದಿನ ಮೊಳೆಯ ಮೇಲಿನ ಕ್ಯಾರಿಯರ್ ಕಂಡಿತು. ಹೊಲದಲ್ಲಿರುವವರಿಗೆ ಊಟ ಒಯ್ಯುವವಳನ್ನು ಯಾರು ತಡೆದು ನಿಲ್ಲಿಸುತ್ತಾರೆ? ಲತಾ ಬಸ್ಸು ಹತ್ತಿದ ಮೇಲೆ ಖಾಲಿ ಕ್ಯಾರಿಯರ್ ಹಿಡಿದು ಹೊರಟೆ. ಆಹಾ, ಏನು ನಡಿಗೆ ಅಂತೀರಿ! ಸಾರು ಆರುತ್ತದೆ ಎನ್ನುವ ಹಾಗೆ ಬಿರಬಿರನೆ ಹೋಗಬಹುದು, ಯಾರಾದರೂ ಮಾತಿಗೆ ನಿಂತರೆ ಕ್ಯಾರಿಯರ್ ತೋರಿಸಿ ಮುಂದೆ ಸಾಗಬಹುದು. ಏರಿ ದಾಟಿ, ಹುಣಸೆಮರದ ತನಕ ಹೋಗಿ, ಸುತ್ತು ಹಾಕಿ ಬರುತ್ತಿದ್ದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡು ಒಂಬತ್ತು ದಿನ ನಡೆದೆ.

ಏರಿಯ ಕೆಳಗೆ ಕರಿಯಮ್ಮ ದಿನವೂ ಕುರಿ ಮೇಯಿಸುತ್ತಿದ್ದಳು. ಅವಳು ನನ್ನ ವಾರಿಗೆಯವಳೇ. ಹಟ್ಟಿಯಿಂದ ಹೊರಟರೆ ಸಂಜೆಯ ತನಕ ಕುರಿಗಳ ಹಿಂದೆಯೇ. ಕಾಲೆರಡೂ ಒಣ ಸೌದೆಯಂತಿವೆ, ಕಣ್ಣು ಮಾತ್ರ ಹದ್ದಿನದು. ಹತ್ತನೆಯ ದಿನ ಅಡ್ಡ ಬಂದು ನಿಂತಳು.

“ಅಕ್ಕಯ್ಯ, ನಿಮ್ಮ ಹೊಲ ಆ ಕಡೀಕೈತೆ, ನೀನು ಈ ಕಡೀಕ್ ಹೊಂಟೀಯ. ಯಾರಿಗ್ ಬುತ್ತಿ?”

“ನಮ್ಮೋರಿಗೆ ಕಣೆ” ಎಂದೆ.

“ನಿಮ್ಮೋರ್ ಯಾರು?”

“ಅವರೇ... ಹುಷಾರಿಲ್ಲ...” ಎಂದು ಬಾಯಿಗೆ ಬಂದದ್ದನ್ನು ಹೇಳಿ ಓಡಿದೆ. ಎರಡು ಮಾತು ಅಷ್ಟೇ. ಮಗ್ಗಿ ಹೇಳಲು ತೆರೆಯದ ಬಾಯಿ ಸುಳ್ಳು ಹೇಳಲು ಹೇಗೆ ತೆರೆಯಿತೋ!

ಕ್ಯಾರಿಯರ್ ಕಂಡರೆ ನಮ್ಮ ಬೀದಿಯವರು ಮಾತು ನಿಲ್ಲಿಸುತ್ತಿದ್ದರು ಎಂದೆನಲ್ಲ? ಅವರ ಪಾಲಿಗೆ ಅದು ಆಸ್ಪತ್ರೆಯ ಕ್ಯಾರಿಯರ್, ಅದರ ಮೇಲೆ ನನ್ನ ‘ಹುಷಾರಿಲ್ಲ’ ಎಂಬ ಮಾತು ಕರಿಯಮ್ಮನ ಬಾಯಿಂದ ಊರೆಲ್ಲ ಹರಡಿತ್ತು. ಆ ಭಾನುವಾರ ಮಧ್ಯಾಹ್ನ ಏಳೆಂಟು ಹೆಂಗಸರು ಸಾಲಾಗಿ ನಮ್ಮ ಮನೆಗೆ ಬಂದರು. ಒಬ್ಬಳ ಕೈಯಲ್ಲಿ ಬ್ರೆಡ್ಡು, ಒಬ್ಬಳ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಇನ್ನೊಬ್ಬಳು ಕೊಬ್ಬರಿ ಮಿಠಾಯಿ. ರೋಗಿಯ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ! ಹಿಂದೆ ಗಂಗಮ್ಮ, ಅವಳ ಹಿಂದೆ ಕರಿಯಮ್ಮ. ರಜೆಯೆಂದು ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದ ಲತಾ ಗಾಬರಿಯಾಗಿ ಎದ್ದಳು.

“ಯಾವ ವಾರ್ಡಮ್ಮ? ಗ್ಲೂಕೋಸ್ ಹಾಕವ್ರಾ?” ಎಂದು ಒಬ್ಬಳು ಕೇಳಿದಳು.

“ಯಾರಿಗೆ?” ಎಂದಳು ಲತಾ.

“ನಿಮ್ಮ ನಾದಿನಿಗೆ. ಪಾವಗಡದವಳಿಗೆ. ದಿನಾ ನಿಮ್ಮತ್ತೆ ಊಟ ತಕೊಂಡ್ ಹೋಗಾಕಿಲ್ವಾ?”

ನಾದಿನಿ ಎಂದರೆ ನಿಮ್ಮ ಅಮ್ಮ! ಅಷ್ಟರಲ್ಲಿ ಯಾರೋ ಅವಳಿಗೇ ಫೋನ್ ಮಾಡಿ, “ನೀನು ಆಸ್ಪತ್ರೇಲಿದ್ದೀಯಂತೆ?” ಎಂದು ಕೇಳಿಬಿಟ್ಟಿದ್ದರು. ಅವಳು ಸೋಲಾರ್ ಪಾರ್ಕಿನಲ್ಲಿ ಕೆಲಸದಲ್ಲಿದ್ದ ನಿಮ್ಮ ಅಪ್ಪನಿಗೇ ಏನೋ ಆಗಿದೆ, ತನಗೆ ಹೇಳದೆ ಮುಚ್ಚಿಡುತ್ತಿದ್ದಾರೆ ಎಂದುಕೊಂಡು ಅಳುತ್ತಾ ಲತಾಳಿಗೆ ಫೋನ್ ಮಾಡಿದಳು. ಲತಾ ಇತ್ತ ಫೋನಿನಲ್ಲಿ, ಅತ್ತ ಹೆಂಗಸರಲ್ಲಿ, ನಡುವೆ ನಾನು ಕಂಬ ಹಿಡಿದು ನಿಂತಿದ್ದೇನೆ.

ಕರಿಯಮ್ಮ ಸೀದಾ ಅಡುಗೆಮನೆಗೆ ಹೋಗಿ ಕ್ಯಾರಿಯರ್ ತಂದಳು. ಕೈಯಲ್ಲಿ ತೂಗಿದಳು. “ಹಗೂರೈತಲ್ಲ ಅಕ್ಕಯ್ಯ. ಅವತ್ತೂ ಹಿಂಗೇ ಜಣಜಣ ಅಂತಿತ್ತು. ತುಂಬಿದ ಕ್ಯಾರಿಯರ್ ಸದ್ದು ಮಾಡಾಕಿಲ್ಲ” ಎಂದು ಕೊಂಡಿ ಎಳೆದಳು. ಮೂರು ಡಬ್ಬಿಗಳೂ ಎಲ್ಲರ ಮುಂದೆ ಬಾಯಿ ತೆರೆದವು. ಒಳಗೆ ಏನೂ ಇಲ್ಲ.

ಆ ಖಾಲಿ ಡಬ್ಬಿಗಳನ್ನು ನೋಡುತ್ತಾ ನನಗೆ ಬೇರೆ ಡಬ್ಬಿಯೊಂದು ಕಂಡಿತು, ಆಸ್ಪತ್ರೆಯ ಮಂಚದ ಮೇಲಿನ ನಶ್ಯದ ಡಬ್ಬಿ. ಅವರು ಅದನ್ನು ತೆರೆಯುವ ಹೊತ್ತಿಗೆ ಕಾಲು ಹೋಗಿತ್ತು. ಈ ಡಬ್ಬಿ ಕಾಲು ಇರುವಾಗಲೇ ತೆರೆದುಕೊಂಡಿದೆ. ಈಗ ಮುಚ್ಚಿದರೆ ನನ್ನಂಥ ಮೂರ್ಖಳು ಯಾರು?

“ರೋಗಿ ನಾನೇ” ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. “ಸಕ್ಕರೆ ಹೊಸ್ತಿಲಿಗೆ ಬಂದೈತೆ. ಡಾಕ್ಟರು ನಡೀರಿ ಅಂದ್ರು. ಬರಿಗೈಲಿ ನಡೆಯೋಕೆ ನಾಚಿಕೆ ಆಯ್ತು. ಅದಕ್ಕೆ ಕ್ಯಾರಿಯರ್ ಹಿಡ್ಕೊಂಡೆ.”

ಅದನ್ನು ಕೇಳಿ ಕರಿಯಮ್ಮ ಎಂಥ ನಗು ನಕ್ಕಳೆಂದರೆ, ಎಲೆಅಡಿಕೆ ಉಗುಳಲು ಅಂಗಳಕ್ಕೆ ಓಡಬೇಕಾಯಿತು. “ಅಯ್ಯೋ ನನ್ ಶಿವನೇ! ನಡೆಯಾಕೂ ಒಂದು ನೆಪ ಬೇಕಾ? ನಾನು ಹುಟ್ಟಿದಾಗ್ಲಿಂದ ನಡೀತಾ ಇವ್ನಿ, ಒಬ್ಬರಾದ್ರೂ ನಂಗೆ ಬಾಳೆಹಣ್ಣು ತಂದ್ಕೊಟ್ರಾ?” ಮನೆಯೆಲ್ಲ ನಗು. ಫೋನಿನಲ್ಲಿ ಅಳುತ್ತಿದ್ದ ನಿಮ್ಮ ಅಮ್ಮನೂ ಅತ್ತ ಕಡೆಯಿಂದ ನಗುವುದು ಕೇಳಿಸಿತು. ಲತಾ ಮಾತ್ರ ನಗಲಿಲ್ಲ. ನನ್ನ ಹತ್ತಿರ ಬಂದು, “ನಂಗ್ ಹೇಳ್ಬಾರ್ದಾಗಿತ್ತಾ ಅತ್ತೆ?” ಎಂದಳು. ಆಸ್ಪತ್ರೆಯಲ್ಲಿ ನಾನು ಕೇಳಿದ ಮಾತೇ. ಅವಳಿಗೆ ಅದು ಹೇಗೆ ಗೊತ್ತು?

ಆಗ ಮೂಲೆಯಲ್ಲಿ ಕೂತಿದ್ದ ಬ್ರೆಡ್ಡಿನವಳು ಮೆಲ್ಲಗೆ, “ನಂಗೂ ಐತೆ ಕಣಕ್ಕ” ಎಂದಳು. “ಎರಡು ವರ್ಷ ಆಯ್ತು. ಮಾತ್ರೆ ಅಕ್ಕಿ ಡಬ್ಬದಾಗೆ ಮಡಗಿವ್ನಿ.” ಕೊಬ್ಬರಿ ಮಿಠಾಯಿಯವಳು ಬೆಚ್ಚಿ ಅವಳ ಕಡೆ ತಿರುಗಿದಳು. “ನೀನೂ ಅಕ್ಕಿ ಡಬ್ಬದಲ್ಲೇನಾ?” ಎಂದಳು! ಗಂಗಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು, “ಶಿಬಿರಕ್ಕೆ ಕರೆದ್ರೆ ಒಬ್ಬರೂ ಬಾಯಿ ಬುಡ್ಲಿಲ್ಲ, ಇಲ್ಲಿ ಅಕ್ಕಿ ಡಬ್ಬದ ಸಂತೆ ಮಾಡ್ತಿದ್ದೀರಾ?” ಎಂದು ಗದರಿ, ಬ್ಯಾಗಿನಿಂದ ಪುಸ್ತಕ ತೆಗೆದು ಹೆಸರು ಬರೆದುಕೊಂಡೇ ಬಿಟ್ಟಳು.

ಮಾರನೆಯ ಬೆಳಿಗ್ಗೆಯಿಂದ ನಾವು ಐದು ಜನ ನಡೆದೆವು, ಎಲ್ಲರೂ ಬರಿಗೈಯಲ್ಲಿ. ಕರಿಯಮ್ಮ ಕುರಿ ಬಿಡುವ ಮುಂಚೆ ಬಂದು ನಮ್ಮನ್ನು ಹೊರಡಿಸುತ್ತಿದ್ದಳು. ನಾವು ಹರಟುತ್ತಾ ನಿಧಾನಿಸಿದರೆ ಹಿಂದಿನಿಂದ, “ಹಿಂಗ್ ಮೇಯ್ಕೊಂಡು ಹೋದ್ರೆ ಸಕ್ಕರೆ ಇಳೀತೈತಾ? ತೋಳ ಬಂತು ಅಂತ ತಿಳ್ಕೊಂಡ್ ನಡೀರಿ!” ಎಂದು ಹುಯ್ಯೋ ಎನ್ನುವಳು. ಅದಕ್ಕೆ ನಾವು ತೋಳದ ನಡಿಗೆ ಎಂದೇ ಹೆಸರಿಟ್ಟೆವು. ಈಗ ದಾರಿಯಲ್ಲಿ ಯಾರಾದರೂ “ಎಲ್ಲಿಗ್ ಹೊಂಟ್ರಿ?” ಎಂದರೆ “ತೋಳ ಬಂದೈತೆ” ಎನ್ನುತ್ತೇವೆ.

ತಪ್ಪು ಮಾಡಲಿಲ್ಲವೆಂದಲ್ಲ. ಮೊದಲ ತಿಂಗಳು ಸಕ್ಕರೆ ಬಿಟ್ಟು ಕಾಫಿಗೆ ಬೆಲ್ಲ ಹಾಕಿಕೊಂಡು ಕುಡಿದೆ, ಅದೂ ಧಾರಾಳವಾಗಿ. ಬೆಲ್ಲ ನಮ್ಮದು, ಮನೆಯದು, ಅದು ಏನು ಮಾಡೀತು ಎಂಬ ಧೈರ್ಯ. ಗಂಗಮ್ಮ ಕಂಡು ಲೋಟವನ್ನೇ ಕಿತ್ತುಕೊಂಡಳು. “ಸಕ್ಕರೆ ತಂಗಿ, ಬೆಲ್ಲ ಅಕ್ಕ. ಎರಡೂ ಒಂದೇ ಕಬ್ಬಿನ ಮಕ್ಕಳು ಕಣ್ ದೊಡ್ಡಮ್ಮ!” ಈಗ ಕಾಫಿಗೆ ಎರಡೂ ಇಲ್ಲ. ಮೊದಲ ವಾರ ಕಷಾಯದಂತಿತ್ತು. ಈಗ ಕಾಫಿಯ ಪರಿಮಳ ಏನೆಂದು ಅರವತ್ತು ದಾಟಿದ ಮೇಲೆ ತಿಳಿಯುತ್ತಿದೆ. ರಾಗಿಮುದ್ದೆ ಒಳ್ಳೆಯದು ಎಂದು ಎರಡು ದೊಡ್ಡ ಮುದ್ದೆ ಗುಳುಂ ಮಾಡುತ್ತಿದ್ದವಳು ಈಗ ಮೊದಲು ಒಂದು ಬಟ್ಟಲು ಸೊಪ್ಪಿನ ಪಲ್ಯ, ಹುರುಳಿಕಾಳಿನ ಸಾರಿನ ಕಾಳೆಲ್ಲ ನನ್ನ ತಟ್ಟೆಗೆ, ಆಮೇಲೆ ಕಿತ್ತಳೆಯಷ್ಟು ಒಂದೇ ಮುದ್ದೆ. ರಾತ್ರಿಯೂಟ ಬೇಗ, ಉಂಡ ಮೇಲೆ ಅಂಗಳದಲ್ಲಿ ಹತ್ತು ಸುತ್ತು. ಯುಗಾದಿಗೆ ಹೋಳಿಗೆ ಮಾಡಿದೆ. ತಾತನ ಫೋಟೋದ ಮುಂದೆ ಒಂದು ಇಟ್ಟು, ಆಮೇಲೆ ಅದರಲ್ಲಿ ಅರ್ಧ ಮುರಿದು ತಿಂದೆ. ಎಷ್ಟು ರುಚಿ! ಹದಿನಾಲ್ಕು ತಿಂದವರಿಗೆ ಇಷ್ಟು ರುಚಿ ಸಿಕ್ಕಿತ್ತೋ ಇಲ್ಲವೋ.

ಈಗ ಚೀಟಿಯ ಸುದ್ದಿ. ನಿನ್ನೆ ಲತಾ ಒಂದು ದಿನದ ರಜೆ ಹಾಕಿ ಜೊತೆಗೆ ಬಂದಳು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಹೊರಗೆ ಬೆಂಚಿನ ಮೇಲೆ ಕೂತೆವು. ಎದುರಿಗೆ ಮಧುಗಿರಿಯ ಬೆಟ್ಟ ಬಿಸಿಲಿಗೆ ಹೊಳೆಯುತ್ತಿತ್ತು. ನಾನು ಇನ್ಸ್‌ಪೆಕ್ಟರ್ ಬಂದ ದಿನದಂತೆ ಕಾಲಿನ ಹೆಬ್ಬೆರಳಲ್ಲಿ ನೆಲ ಗೀರುತ್ತಾ ಕೂತಿದ್ದೆ. ಡಾಕ್ಟರಮ್ಮ ಚೀಟಿ ನೋಡಿದರು, ನನ್ನನ್ನು ನೋಡಿದರು, ಇನ್ನೊಮ್ಮೆ ಚೀಟಿ ನೋಡಿದರು.

ತೊಂಬತ್ತೊಂಬತ್ತು!

ಭುವನ್, ನಿನ್ನ ಕ್ರಿಕೆಟ್ಟಿನಲ್ಲಿ ತೊಂಬತ್ತೊಂಬತ್ತಕ್ಕೆ ಔಟಾದರೆ ಆಟಗಾರರು ಬ್ಯಾಟು ಬಿಸಾಡುತ್ತಾರೆ ಎಂದಿದ್ದೆಯಲ್ಲ? ನಿನ್ನಜ್ಜಿ ನೂರು ಮುಟ್ಟದೆ ಗೆದ್ದಳು ಕಣೋ! “ಹೊಸ್ತಿಲಿಂದ ಆಚೆಗೆ ಒಂದು ಹೆಜ್ಜೆ ಇಟ್ಟಿದೀರಿ ಅಜ್ಜಿ” ಎಂದರು ಡಾಕ್ಟರಮ್ಮ. “ಗೆದ್ದೆ ಅಂತ ಕೂತರೆ ಮತ್ತೆ ಹೊಸ್ತಿಲಿಗೇ ಬರ್ತೀರಿ. ನಡೀತಾನೇ ಇರಬೇಕು. ಆರು ತಿಂಗಳಿಗೆ ಇನ್ನೊಮ್ಮೆ ನೋಡೋಣ.” ಕೂರುವವಳು ಯಾರು!

ಸಂಜೆ ನಮ್ಮೂರಿನ ಸ್ಟಾಪಿನಲ್ಲಿ ಬಸ್ಸು ನಿಂತಾಗ ಕರಿಯಮ್ಮ ಕುರಿಮಂದೆಯ ಸಮೇತ ರಸ್ತೆಯ ಬದಿಯಲ್ಲಿದ್ದಳು. “ಅಕ್ಕಯ್ಯ, ಏನಂತೆ?” ಎಂದು ಅಲ್ಲಿಂದಲೇ ಕೂಗಿದಳು. ಇಳಿಯುವವರು, ಹತ್ತುವವರು, ಕಂಡಕ್ಟರು, ಎಲ್ಲರೂ ನನ್ನ ಮುಖ ನೋಡಿದರು. ನಾನು ಮೆಟ್ಟಿಲ ಮೇಲೆ ನಿಂತೇ, “ತೊಂಬತ್ತೊಂಬತ್ತು ಕಣೇ!” ಎಂದು ಕೂಗಿದೆ. ಇಡೀ ಬಸ್ಸಿಗೆ ಕೇಳುವಂತೆ! ಕುರಿಗಳು ಬೆದರಿದವು. ಈಗ ಆ ಇನ್ಸ್‌ಪೆಕ್ಟರ್ ಬಂದರೆ ಹದಿನೇಳರ ಮಗ್ಗಿಯನ್ನು ಹಿಂದುಮುಂದಾಗಿ ಹೇಳಿಯೇನು.

ಮಕ್ಕಳೇ, ಇದನ್ನೆಲ್ಲ ನಿಮಗೆ ಬರೆದದ್ದು ಬರೀ ಸಂಭ್ರಮಕ್ಕಲ್ಲ. ತಾತನ ರಕ್ತ ನಿಮ್ಮ ಅಮ್ಮನಲ್ಲಿದೆ, ನಿಮ್ಮಲ್ಲೂ ಇದೆ. ಅವರ ಮೂಗು ಭುವನ್‌ಗೆ ಬಂದಿದೆ, ಅವರ ಹಟ ಸಿಂಚನಾಗೆ. ಇನ್ನೇನು ಬಂದಿದೆಯೋ ಪರೀಕ್ಷೆ ಮಾಡಿಸಿದರಲ್ಲದೆ ತಿಳಿಯದು. ಮುಂದೆ ಎಂದಾದರೂ ನೀವು ಆ ಹೊಸ್ತಿಲ ಮೇಲೆ ನಿಲ್ಲಬೇಕಾಗಿ ಬಂದರೆ ಹೆದರಬೇಡಿ, ಯಾರಿಂದಲೂ ಬಚ್ಚಿಡಬೇಡಿ. ಆಚೆಗೆ ದಾರಿ ಇದೆ, ನಿಮ್ಮಜ್ಜಿ ಮುಳ್ಳು ಚುಚ್ಚಿದರೆ ನೋಯುವ ತನ್ನ ಎರಡೂ ಕಾಲುಗಳಿಂದ ನಡೆದು ನೋಡಿದ್ದಾಳೆ.

ಕ್ಯಾರಿಯರ್ ಈಗ ಮತ್ತೆ ಮೊಳೆಯ ಮೇಲಿದೆ. ನಡೆಯುವಾಗ ನನಗೆ ಅದು ಬೇಡ, ಕೈ ಬೀಸಿಕೊಂಡೇ ಹೋಗುತ್ತೇನೆ, ಪೊಲೀಸರಂತೆ ಕಂಡರೂ ಸರಿ. ಆದರೆ ಮುಂದಿನ ಸಲ ಬಂದಾಗ ಇಳಿಸಿ ನೋಡಿ, ಅದು ಖಾಲಿ ಇರುವುದಿಲ್ಲ. ಕೆಳಗಿನ ಡಬ್ಬಿಯಲ್ಲಿ ತಾತನ ನಶ್ಯದ ಡಬ್ಬಿ ಇಟ್ಟಿದ್ದೇನೆ. ನಡುವಿನದರಲ್ಲಿ ನೂರಾ ಹದಿನಾರರ ಚೀಟಿ, ದೇವರ ಗೂಡಿನಿಂದ ಈಗಷ್ಟೇ ತೆಗೆದ ತೊಂಬತ್ತೊಂಬತ್ತರ ಚೀಟಿ, ಎರಡೂ. ಮೇಲಿನದು ಈ ಹಾಳೆಗಳಿಗೆ, ಓದಿ ಮುಗಿಸಿದ ಮೇಲೆ ತಂದು ಅದರಲ್ಲಿಡಿ. ಹುಳಿಸಾರಿನ ವಾಸನೆ ಹತ್ತಿದರೆ ಹತ್ತಲಿ, ನೀರು ತಾಗದಂತೆ ಜೋಪಾನ ಮಾಡಿ. ಮನೆಗೆ ಯಾರೇ ಬಂದು ಕೇಳಲಿ, ಕೊಂಡಿ ಬಿಚ್ಚಿ ತೋರಿಸಿ. ಮತ್ತೆ ಕೊಂಡಿ ಹಾಕಿಡಿ, ಕಳೆಯಬೇಡಿ.